ಟ್ರೇಲರಿನ ಗೋಡೆಗೆ ಎರಡು ಬಡಿತ

ಜಗಳ ಶುರುವಾದದ್ದು ಒಂದು ಚಕ್ರದ ಬಿಸಿಯಿಂದ. ಅದನ್ನು ಮೊದಲೇ ಹೇಳಿಬಿಡುತ್ತೇನೆ. ಯಾಕೆಂದರೆ ನನ್ನ ಗಂಡ ವರ್ಲಿನ್ ಈ ಕಥೆ ಹೇಳುವಾಗ ಚಪ್ಪರ ಹರಿದುಹೋದಲ್ಲಿಂದ ಶುರು ಮಾಡುತ್ತಾನೆ, ಚಕ್ರದ ಮಾತೇ ಎತ್ತುವುದಿಲ್ಲ.

ನೆಬ್ರಾಸ್ಕದ ನಮ್ಮ ಊರಿನಿಂದ ಬೆಳಕು ಹರಿಯುವ ಮುಂಚೆ ಹೊರಟಿದ್ದೆವು. ವಯೋಮಿಂಗಿನ ಉದ್ದಕ್ಕೂ ಓಡಿ, ಬಿಗ್‌ಹಾರ್ನ್ ಬೆಟ್ಟ ಹತ್ತಿ ಇಳಿದು, ಆ ಕಡೆಯ ಸರೋವರದ ದಂಡೆಗೆ ಕತ್ತಲಾಗುವುದರೊಳಗೆ ಸೇರಬೇಕು. ಅಲ್ಲಿ ನಮ್ಮ ಮಗಳು ಜೋಲೀನ್ ಕಾಯುತ್ತಿರುತ್ತಾಳೆ. ಅವಳ ಮಗಳು ಮಾರೆನ್, ಹನ್ನೊಂದು ವರ್ಷದವಳು, ಶಾಲೆಗೆ ರಜ ಬಂದಾಗಿನಿಂದ ನಮ್ಮ ಹತ್ತಿರವೇ ಇದ್ದಳು. ಅವಳನ್ನು ತಾಯಿಗೆ ಒಪ್ಪಿಸಿ, ಎಲ್ಲರೂ ಒಂದು ವಾರ ನೀರಿನ ಪಕ್ಕ ಕಾಲು ಚಾಚಿಕೊಂಡು ಕೂರುವುದೆಂದು ನಮ್ಮ ಯೋಚನೆ. ಪಿಕಪ್ ಗಾಡಿಯ ಮುಂದಿನ ಸೀಟಿನಲ್ಲಿ ನಾನು ಮತ್ತು ವರ್ಲಿನ್, ಹಿಂದಿನ ಸೀಟಿನಲ್ಲಿ ಮಾರೆನ್ ಮತ್ತು ನಮ್ಮ ಮುದಿ ನಾಯಿ ಗಸ್. ಗಾಡಿಯ ಬೆನ್ನಿಗೆ ಟ್ರೇಲರ್. ಹಾಸಿಗೆ, ಒಲೆ, ಫ್ರಿಜ್ಜು, ಕಕ್ಕಸು ಎಲ್ಲ ಇರುವ ಪುಟ್ಟ ಮನೆಯೇ ಅದು.

ಟ್ರೇಲರ್ ಕಟ್ಟಿಕೊಂಡು ಓಡಾಡುವವರಿಗೆ ಅವರವರದೇ ಶಾಸ್ತ್ರಗಳಿರುತ್ತವೆ. ನಮ್ಮವು ಎರಡು. ಎಲ್ಲಿ ನಿಂತರೂ ಇಳಿದು ಟ್ರೇಲರಿನ ನಾಲ್ಕೂ ಚಕ್ರಗಳ ನಡುಭಾಗವನ್ನು ಕೈಯ ಹಿಂಬದಿಯಿಂದ ಮುಟ್ಟಿ ನೋಡಬೇಕು, ಮಗುವಿನ ಹಣೆ ಮುಟ್ಟಿ ಜ್ವರ ನೋಡುವ ಹಾಗೆ. ಎಲ್ಲ ಒಂದೇ ಸಮ ಬೆಚ್ಚಗಿದ್ದರೆ ಸರಿ. ಒಂದು ಮಾತ್ರ ಸುಡುತ್ತಿದ್ದರೆ ಅದರ ಬೇರಿಂಗ್ ಕೆಡುತ್ತಿದೆ ಎಂದು ಅರ್ಥ. ಇನ್ನೊಂದು ಶಾಸ್ತ್ರ, ಹೊರಡುವ ಮುಂಚೆ ವರ್ಲಿನ್ ಟ್ರೇಲರಿನ ಗೋಡೆಗೆ ಅಂಗೈಯಿಂದ ಎರಡು ಸಲ ಬಡಿಯುತ್ತಾನೆ. ಒಳಗೆ ಯಾರಾದರೂ ಇದ್ದರೆ ಅವರೂ ಎರಡು ಸಲ ಬಡಿಯಬೇಕು. ಜೋಲೀನ್ ಚಿಕ್ಕವಳಿದ್ದಾಗ ಒಳಗೆ ನಿದ್ದೆ ಹೋದದ್ದನ್ನು ನೋಡದೆ ನಾವು ಪಕ್ಕದ ಊರು ಮುಟ್ಟಿಬಿಟ್ಟಿದ್ದೆವು. ಅವತ್ತಿನಿಂದ ಈ ಬಡಿತ. ಓಡುವ ಟ್ರೇಲರಿನೊಳಗೆ ಮನುಷ್ಯರು ಇರಕೂಡದು. ಬೆಲ್ಟಿಲ್ಲ, ಹಿಡಿದುಕೊಳ್ಳಲು ಏನೂ ಇಲ್ಲ, ಕೂಗಿದರೆ ಗಾಡಿಯಲ್ಲಿದ್ದವರಿಗೆ ಕೇಳಿಸುವುದೂ ಇಲ್ಲ.

ಜಿಲೆಟ್ ಎಂಬ ಊರಿನ ಪೆಟ್ರೋಲ್ ಬಂಕಿನಲ್ಲಿ ನಿಂತಾಗ ವರ್ಲಿನ್ ಚಪ್ಪರದ ಮುಂದೆ ನಿಂತುಕೊಂಡ. ಟ್ರೇಲರಿನ ಬಾಗಿಲ ಮೇಲೆ ಸುರುಳಿ ಸುತ್ತಿಕೊಂಡಿರುವ ಬಟ್ಟೆಯ ಚಪ್ಪರ ಅದು. ಒಳಗಿನ ಗುಂಡಿ ಒತ್ತಿ ಹಿಡಿದರೆ ಎರಡು ತೋಳು ಚಾಚಿ ಬಿಚ್ಚಿಕೊಳ್ಳುತ್ತದೆ, ಕೆಳಗೆ ಕುರ್ಚಿ ಹಾಕಿಕೊಂಡು ಕೂರಬಹುದು. ಈ ವರ್ಷವೇ ಹಾಕಿಸಿದ್ದು, ಹಸಿರು ಬಿಳಿ ಪಟ್ಟೆಯದು. ಅದರ ಗುಂಡಿಯನ್ನು ಅವನ ಹೊರತು ಯಾರೂ ಮುಟ್ಟುವ ಹಾಗಿಲ್ಲ. ಮಾರೆನ್ ಒಮ್ಮೆ ಮುಟ್ಟಿದ್ದಕ್ಕೆ ಊಟದುದ್ದಕ್ಕೂ ಪಾಠ ಕೇಳಬೇಕಾಯಿತು. ಅವನು ಅದರ ಮೇಲಿನ ಧೂಳು ಒರೆಸುತ್ತಿದ್ದರೆ ನಾನು ಚಕ್ರ ಮುಟ್ಟುತ್ತಾ ಹೋದೆ. ಮೂರು ಸರಿಯಿದ್ದವು. ನಾಲ್ಕನೆಯದು ಮುಟ್ಟಿ ಕೈ ಕಿತ್ತುಕೊಂಡೆ.

"ವರ್ಲಿನ್, ಬಲಗಡೆ ಹಿಂದಿನ ಚಕ್ರ ಸುಡ್ತಿದೆ."

"ಬಿಸಿಲಲ್ವಾ? ಸುಡದೆ ಏನ್ ತಣ್ಣಗಿರುತ್ತಾ?"

"ಬಿಸಿಲು ಹೊಡೀತಿರೋದು ಆ ಕಡೆ. ಇದು ನೆರಳಿನ ಕಡೆ. ಬಿಸಿಲಲ್ಲಿರೋ ಚಕ್ರ ಬೆಚ್ಚಗಿದೆ, ನೆರಳಲ್ಲಿರೋದು ಸುಡ್ತಿದೆ ಅಂದ್ರೆ ಏನರ್ಥ?"

"ಮಾರ್ಲಿಸ್, ಆ ಬೇರಿಂಗ್‌ಗೆ ಏಪ್ರಿಲ್‌ನಲ್ಲಿ ನಾನೇ ಕೈಯಾರೆ ಗ್ರೀಸ್ ತುಂಬಿದೀನಿ."

"ಅದಕ್ಕೇ ನಂಗೆ ಭಯ."

ಅವನು ಬಂದು ಬಗ್ಗಿ ಮುಟ್ಟಿದ. ಸ್ವಲ್ಪ ಹೊತ್ತು ಹಾಗೇ ಇದ್ದ. ಆಮೇಲೆ ಕೈಯನ್ನು ಪ್ಯಾಂಟಿಗೆ ಒರೆಸಿಕೊಂಡು ಎದ್ದ.

"ಏನೂ ಆಗಿಲ್ಲ."

"ನಿನ್ನ ಕೈಗೆ ಬಿಸಿ ತಿಳಿಯಲ್ವೇನಯ್ಯಾ?"

"ನಿನ್ನ ಬಾಯಿಗಿಂತ ಬಿಸಿ ಇಲ್ಲ ಬಿಡು."

ಮಾರೆನ್ ಕಿಸಕ್ಕೆಂದು ನಕ್ಕಳು. ಪಕ್ಕದ ಪಂಪಿನಲ್ಲಿದ್ದ ಹೆಂಗಸೂ ನಕ್ಕಳು. ಗಂಡನಾದವನು ಏನಾದರೂ ಅನ್ನಲಿ, ತಡೆದುಕೊಳ್ಳುತ್ತೇನೆ, ನಲವತ್ತು ವರ್ಷದಿಂದ ತಡೆದುಕೊಂಡು ರೂಢಿಯಿದೆ. ಗುರುತು ಪರಿಚಯವಿಲ್ಲದವರು ನಕ್ಕರೆ ಮಾತ್ರ ನನಗೆ ಮೈಯೆಲ್ಲ ಉರಿಯುತ್ತದೆ.

"ಸರಿ. ಸರೋವರ ಸಿಗೋವರೆಗೂ ನನ್ನ ಹತ್ರ ಮಾತಾಡ್ಬೇಡ."

"ಅಬ್ಬಾ! ಬೆಳಗ್ಗೆಯಿಂದ ಇದೊಂದು ಒಳ್ಳೇ ಸುದ್ದಿ."

ನಾನು ಮಾರೆನ್‌ಳನ್ನು ಮುಂದೆ ಕಳಿಸಿ ಹಿಂದಿನ ಸೀಟಿಗೆ ಹೋದೆ. ದಾರಿ ನೋಡುವುದಕ್ಕೆಂದು ನನ್ನ ಫೋನು ಮುಂದೆಯೇ ಸಿಕ್ಕಿಸಿತ್ತು, ಅಲ್ಲೇ ಬಿಟ್ಟೆ. ಕಂಬಳಿಯನ್ನು ತಲೆಯ ಮೇಲೆ ಎಳೆದುಕೊಂಡು ಮಲಗಿದೆ. ಮುಂದೆ ತಾತ ಮೊಮ್ಮಗಳು ಎಲೆಕೋಸು ಖೀಮ ತುಂಬಿದ ಬನ್ನುಗಳನ್ನು ತಿನ್ನುತ್ತಾ ಹರಟುತ್ತಿದ್ದರು. ಆ ಬನ್ನು ಮಾಡಿದವಳು ನಾನು. "ಅಜ್ಜಿಗೂ ಒಂದು ಕೊಡಲಾ?" ಎಂದು ಮಾರೆನ್ ಕೇಳಿದಳು. "ಕೋಪ ತಿಂದು ಹೊಟ್ಟೆ ತುಂಬಿದೆ ಅವಳಿಗೆ, ಬಿಡು" ಎಂದ ಮಹಾನುಭಾವ. 

ಬೆಟ್ಟ ಹತ್ತುವಾಗ ಗಾಡಿ ಏದುಸಿರು ಬಿಟ್ಟಿತು. ಮೇಲೆ ತಲುಪಿದಾಗ ಜುಲೈ ತಿಂಗಳಾದರೂ ಅಲ್ಲಲ್ಲಿ ಹಿಮ ಉಳಿದಿತ್ತು. ಇಳಿಜಾರು ಶುರುವಾಗುವುದಕ್ಕೆ ಮುಂಚೆ ರಸ್ತೆಯ ಪಕ್ಕ ಗಾಡಿ ನಿಲ್ಲಿಸುವ ಜಾಗವಿದೆ. ಅಲ್ಲಿ ದೊಡ್ಡ ಹಳದಿ ಫಲಕ: ಮುಂದೆ ಕಡಿದಾದ ಇಳಿಜಾರು, ಸಣ್ಣ ಗೇರಿನಲ್ಲಿ ಇಳಿಯಿರಿ, ಬ್ರೇಕು ನೋಡಿಕೊಳ್ಳಿ. ಮಾರೆನ್ ಗಸ್‌ನನ್ನು ಕರೆದುಕೊಂಡು ಹಿಮ ಮುಟ್ಟಲು ಓಡಿದಳು. ವರ್ಲಿನ್ ಮುಂದೆ ಹೋಗಿ ಕಣಿವೆ ನೋಡುತ್ತಾ ನಿಂತ. ನನಗೆ ಕಕ್ಕಸಿಗೆ ಹೋಗಬೇಕಿತ್ತು. ಅಲ್ಲಿದ್ದ ಮರದ ಕಕ್ಕಸಿನ ಮುಂದೆ ಮೋಟಾರ್ ಸೈಕಲ್ಲಿನವರ ದೊಡ್ಡ ಸಾಲು. ಇಷ್ಟುದ್ದ ಮನೆಯನ್ನೇ ಎಳೆದುಕೊಂಡು ಬಂದು ನಾನೇಕೆ ಗಾಳಿಯಲ್ಲಿ ಸಾಲು ನಿಲ್ಲಲಿ? ಟ್ರೇಲರಿನ ಬಾಗಿಲು ತೆರೆದು ಒಳಗೆ ಹೋದೆ. ವರ್ಲಿನ್‌ಗೆ ಹೇಳಲಿಲ್ಲ. ಮಾತು ಬಿಟ್ಟಿದ್ದೆನಲ್ಲ.

ಒಳಗಿದ್ದಾಗ ಗೋಡೆಗೆ ಧಡ್ ಧಡ್ ಎಂದು ಎರಡು ಬಡಿತ ಬಿತ್ತು.

ಸ್ಪಷ್ಟವಾಗಿ ಕೇಳಿಸಿತು. ಕೈ ಎತ್ತಿ ಬಡಿದಿದ್ದರೆ ಮುಗಿಯುತ್ತಿತ್ತು. ನನ್ನ ತಲೆಗೆ ಹೊಳೆದದ್ದೇ ಬೇರೆ. ಬಾಯಲ್ಲಿ ಕರೆಯೋಕೆ ಜಂಬ, ಗೋಡೆ ಬಡಿದು ಅವಸರ ಮಾಡ್ತಾನೆ, ಇನ್ನೊಂದ್ಸಲ ಬಡೀಲಿ, ಹೆಸರು ಹಿಡಿದು ಕರೀಲಿ, ಆಗ ನೋಡೋಣ ಎಂದುಕೊಂಡು ಸುಮ್ಮನೆ ಕೈ ತೊಳೆಯುತ್ತಾ ನಿಂತೆ. ಒಳಗೆ ನಾನಿರುವುದು ಅವನಿಗೆ ಗೊತ್ತೇ ಇದೆ ಎಂದು ಯಾಕೆ ಅಂದುಕೊಂಡೆನೋ, ದೇವರಿಗೇ ಗೊತ್ತು.

ಎರಡನೆಯ ಸಲ ಬಡಿತ ಬರಲಿಲ್ಲ. ಇಂಜಿನ್ ಶುರುವಾಯಿತು. ಯಾರಿಗೋ ಜಾಗ ಬಿಡುವುದಕ್ಕೆ ಮುಂದೆ ಸರಿಸುತ್ತಿದ್ದಾನೆ ಎಂದುಕೊಂಡೆ. ಟ್ರೇಲರ್ ಜಲ್ಲಿಯ ಮೇಲೆ ಕರಕರ ಎಂದು ಉರುಳಿ, ಡಾಂಬರಿಗೆ ಹತ್ತಿ, ವೇಗ ಹಿಡಿಯಿತು.

ಗಾಡಿಯಲ್ಲಿ ನಡೆದದ್ದನ್ನು ಆಮೇಲೆ ಮಾರೆನ್ ಹೇಳಿದಳು. ಅವಳು ನಾಯಿಯನ್ನು ಹಿಂದಿನ ಸೀಟಿಗೆ ಹತ್ತಿಸಿ, ತಿರುಗಿ ನೋಡದೆ ಮುಂದೆ ಹೋಗಿ ಕುಳಿತಿದ್ದಾಳೆ. ಚಳಿಗೆ ನಡುಗುತ್ತಿದ್ದ ಗಸ್ ನನ್ನ ಕಂಬಳಿಯೊಳಗೆ ತೂರಿಕೊಂಡು ಮಲಗಿದ್ದಾನೆ. ವರ್ಲಿನ್ ಗೋಡೆ ಬಡಿದು, ಉತ್ತರ ಬಾರದೆ, ಬಂದು ಹಿಂದಿನ ಸೀಟಿನೊಳಗೆ ಇಣುಕಿದ್ದಾನೆ. ಕಂಬಳಿಯ ಗುಡ್ಡೆ ಏರಿ ಇಳಿಯುತ್ತಿತ್ತು, ಒಳಗಿಂದ ಗೊರಕೆ ಬರುತ್ತಿತ್ತು. "ಅಜ್ಜಿ ಮಲಗಿದಾಳೆ, ಎಬ್ಬಿಸ್ಬೇಡ, ಎದ್ರೆ ಮತ್ತೆ ಚಕ್ರದ ಪುರಾಣ" ಎಂದು ಪಿಸುಗುಟ್ಟಿ ಬಾಗಿಲು ಮೆಲ್ಲಗೆ ಹಾಕಿದನಂತೆ. ನಾಯಿಯ ಗೊರಕೆಗೂ ನನ್ನ ಗೊರಕೆಗೂ ವ್ಯತ್ಯಾಸ ತಿಳಿಯದ ಮನುಷ್ಯನ ಜೊತೆ ನಾನು ನಲವತ್ತು ವರ್ಷ ಬಾಳಿದ್ದೇನೆ.

ಮೊದಲು ನನಗೆ ಬಂದದ್ದು ಕೋಪವೇ. ಮುಂದಿನ ಗೋಡೆಯ ಹತ್ತಿರ ಹೋಗಿ ಮುಷ್ಟಿಯಿಂದ ಗುದ್ದಿದೆ. "ಏಯ್! ನಿಲ್ಸೋ! ನಾನು ಇಲ್ಲಿದೀನಿ!" ಮೊದಲ ತಿರುವು ಬಂತು. ನೆಲ ಒಂದು ಕಡೆ ವಾಲಿ ನಾನು ಹಾಸಿಗೆಯ ಮೂಲೆಗೆ ಬಿದ್ದೆ. ಎದ್ದೆ, ಮತ್ತೊಂದು ತಿರುವು. ಅಡುಗೆ ಕಪಾಟಿನ ಬಾಗಿಲು ತೆರೆದುಕೊಂಡು ಬೀನ್ಸ್ ಡಬ್ಬಗಳು ಒಂದೊಂದಾಗಿ ಬಿದ್ದು ನೆಲದ ತುಂಬಾ ಉರುಳಾಡಿದವು. ಒಂದು ನನ್ನ ಮಣಿಕಟ್ಟಿಗೆ ಬಂದು ಬಡಿಯಿತು. ಕೆಳಗೆ ಕುಳಿತೆ, ಮೇಜಿನ ಕಾಲು ತಬ್ಬಿಕೊಂಡೆ. ಹೋಗಲಿ, ವರ್ಲಿನ್ ಇಳಿಜಾರು ಇಳಿಸುವುದರಲ್ಲಿ ಗಟ್ಟಿಗ, ಸಣ್ಣ ಗೇರಿನಲ್ಲಿ ನಿಧಾನಕ್ಕೆ ಹೋಗುತ್ತಾನೆ, ಹೀಗೇ ಕುಳಿತಿದ್ದರೆ ಕೆಳಗೆ ಮುಟ್ಟುತ್ತೇನೆ, ಮುಟ್ಟಿದ ಮೇಲೆ ಅವನ ಗ್ರಹಚಾರ ಬಿಡಿಸುತ್ತೇನೆ ಎಂದು ನನಗೆ ನಾನೇ ಹೇಳಿಕೊಂಡೆ.

ಆಗ ವಾಸನೆ ಬಂತು.

ಬ್ರೇಕು ಕಾದಾಗ ಒಂದು ವಾಸನೆ ಬರುತ್ತದೆ, ಅದು ನನಗೆ ಗೊತ್ತು. ಇದು ಅದಲ್ಲ. ಸುಟ್ಟ ಗ್ರೀಸಿನ, ಕಾದ ಕಬ್ಬಿಣದ ಕಮಟು ವಾಸನೆ. ಬಲಗಡೆ ಹಿಂದುಗಡೆಯಿಂದ ಬರುತ್ತಿತ್ತು. ಕೆಳಗಿನಿಂದ ಒಂದು ಸದ್ದೂ ಶುರುವಾಗಿತ್ತು, ಕಲ್ಲು ಅರೆಯುವಂಥ ಗರಗರ. ತೆವಳಿಕೊಂಡು ಹೋಗಿ ಆ ಕಡೆಯ ನೆಲಕ್ಕೆ ಕೈಯ ಹಿಂಬದಿ ಇಟ್ಟೆ. ನೆಲ ಬಿಸಿಯಾಗಿತ್ತು.

 ಕೋಪ ಎಲ್ಲಿ ಹೋಯಿತೋ ಗೊತ್ತಿಲ್ಲ. ಆ ಚಕ್ರ ಹೋಗುತ್ತಿದೆ. ಬೇರಿಂಗ್ ಪುಡಿಯಾದರೆ ಚಕ್ರ ಕಳಚಿಕೊಳ್ಳುತ್ತದೆ, ಚಕ್ರ ಕಳಚಿದರೆ ಟ್ರೇಲರ್ ಕುಸಿದು ಬಾಲ ತಿರುಗಿಸುತ್ತದೆ, ತಿರುಗಿದ ಟ್ರೇಲರ್ ಮುಂದಿನ ಗಾಡಿಯನ್ನೂ ಎಳೆದುಕೊಂಡೇ ಹೋಗುತ್ತದೆ. ಮುಂದಿನ ಸೀಟಿನಲ್ಲಿ ಮಾರೆನ್ ಕುಳಿತಿದ್ದಾಳೆ. ಅಲ್ಲಿಗೆ ಕಳಿಸಿದವಳು ನಾನು. ಇದು ಈ ಲೋಕದಲ್ಲಿ ನನ್ನೊಬ್ಬಳಿಗೆ ಗೊತ್ತು, ಮತ್ತು ನಾನಿರುವ ಜಾಗ ಯಾರಿಗೂ ಗೊತ್ತಿಲ್ಲ.

ಬಾಗಿಲಿಗೆ ಹೋದೆ. ಚಿಲಕ ತೆಗೆದು ಒಂದು ಗೇಣು ತೆರೆದೆ. ಕಾಲ ಕೆಳಗೆ ರಸ್ತೆ ಓಡುತ್ತಿತ್ತು, ರಸ್ತೆಯ ಅಂಚಿಗೆ ಮೊಳಕಾಲೆತ್ತರದ ಕಬ್ಬಿಣದ ತಡೆ, ತಡೆಯ ಆಚೆ ಏನೂ ಇಲ್ಲ. ತುಂಬಾ ಕೆಳಗೆ ಬಯಲು, ಅದರಲ್ಲಿ ಆಟಿಕೆಯಷ್ಟು ಒಂದು ಮನೆ. ಹಿಂದಕ್ಕೆ ತಿರುಗಿ ನೋಡಿದೆ. ಚಕ್ರದ ಜಾಗದಿಂದ ನೀಲಿ ಹೊಗೆ ಬರುತ್ತಿತ್ತು, ಗಾಳಿ ಅದನ್ನು ಹಿಂದಕ್ಕೇ ತಳ್ಳಿಕೊಂಡು ಹೋಗುತ್ತಿತ್ತು. ಮುಂದೆ ಕುಳಿತವನಿಗೆ ಅದು ಎಲ್ಲಿಂದ ಕಾಣಬೇಕು? ನಮ್ಮ ಹಿಂದೆ ಒಂದು ವಾಹನವೂ ಇರಲಿಲ್ಲ. ಬಾಗಿಲು ಎಳೆದು ಹಾಕಿ ಅದಕ್ಕೆ ಬೆನ್ನು ಕೊಟ್ಟು ನಿಂತೆ. 

ಬೀಡು ಕಬ್ಬಿಣದ ಬಾಣಲೆ ತೆಗೆದುಕೊಂಡು ಮುಂದಿನ ಗೋಡೆಗೆ ಬಡಿದೆ. ಎರಡೆರಡು ಸಲ, ಎರಡೆರಡು ಸಲ. ಗೋಡೆ ತಗ್ಗು ಬಿತ್ತು. ಗಾಡಿ ಹಾಗೇ ಹೋಗುತ್ತಿತ್ತು. ಆ ಗೋಡೆಯ ಆಚೆಯೇ ಟ್ರೇಲರಿನ ಮೂತಿಯಲ್ಲಿ ಗ್ಯಾಸಿನ ಎರಡು ಸಿಲಿಂಡರ್ ಇವೆ ಎಂದು ನೆನಪಾಗಿ ಬಾಣಲೆ ಕೆಳಗಿಟ್ಟೆ. ಹೊರಗಿನ ದೀಪ ಹಾಕಿ ಆರಿಸಿದೆ, ಹಾಕಿ ಆರಿಸಿದೆ. ಹಾಡಹಗಲಲ್ಲಿ ಒಂದು ಬಲ್ಬು ಯಾರಿಗೆ ಕಾಣುತ್ತದೆ? "ಅಯ್ಯೋ ದೇವರೇ, ಆ ಹುಡುಗೀನ ಬಿಟ್ಬಿಡಪ್ಪಾ" ಎಂದು ಗಟ್ಟಿಯಾಗಿ ಹೇಳಿದೆ. ಚರ್ಚಿನಲ್ಲಿ ಬರೀ ತುಟಿ ಅಲ್ಲಾಡಿಸುವವಳು ನಾನು. ಅವತ್ತು ಗಂಟಲು ಹರಿಯುವಂತೆ ಕೂಗಿದೆ. ಗರಗರ ಸದ್ದು ಈಗ ಲೊಟಲೊಟ ಎಂದು ಆಗಿತ್ತು, ನೆಲ ಆ ಮೂಲೆಯಲ್ಲಿ ಕುಣಿಯುತ್ತಿತ್ತು.

ದೀಪದ ಗುಂಡಿಯ ಮೇಲೆಯೇ ನನ್ನ ಬೆರಳಿತ್ತು. ಅದರ ಪಕ್ಕದಲ್ಲೇ ಇನ್ನೊಂದು ಗುಂಡಿ, ಅದರ ಕೆಳಗೆ ವರ್ಲಿನ್ ಅಂಟಿಸಿದ ಚೀಟಿ: ಮುಟ್ಟಬೇಡಿ.

ಚಪ್ಪರ ಬಾಗಿಲ ಕಡೆ ಬಿಚ್ಚಿಕೊಳ್ಳುತ್ತದೆ. ಬಾಗಿಲು ಬಲಗಡೆ. ಗಾಡಿಯ ಬಲಗಡೆ ಕನ್ನಡಿಯಲ್ಲಿ ಅದು ಕಾಣಲೇಬೇಕು. ಹೆಂಡತಿಯ ಗೊರಕೆ ತಿಳಿಯದಿರಬಹುದು, ಚಪ್ಪರದ ಕೂದಲು ಕೊಂಕಿದರೂ ಆ ಮನುಷ್ಯನಿಗೆ ತಿಳಿಯುತ್ತದೆ.

ಆದರೂ ಕೈ ಹಿಂಜರಿಯಿತು. ಓಡುವಾಗ ಚಪ್ಪರ ಬಿಚ್ಚಿದರೆ ಗಾಳಿ ತುಂಬಿಕೊಂಡು ಟ್ರೇಲರನ್ನೇ ಆಚೆಗೆ ಎಳೆಯಬಹುದು. ಆಚೆಗೆ ಅಂದರೆ ಆ ತಡೆಯ ಕಡೆಗೆ. ಸುಮ್ಮನಿದ್ದರೆ ಚಕ್ರ, ಒತ್ತಿದರೆ ಗಾಳಿ. ಕೆಳಗಿನಿಂದ ಟಣ್ ಎಂದು ಏನೋ ಕಳಚಿ ಬಿದ್ದ ಸದ್ದಾಯಿತು. ನಾನು ಕಣ್ಣು ಮುಚ್ಚಿ ಗುಂಡಿ ಒತ್ತಿದೆ.

ಅದನ್ನು ಒತ್ತಿಯೇ ಹಿಡಿದಿರಬೇಕು, ಬಿಟ್ಟರೆ ನಿಂತುಹೋಗುತ್ತದೆ. ಮೋಟಾರು ಕುಂಯ್ ಎಂದು ರಾಗ ಎಳೆಯಿತು. ಯಾವತ್ತೂ ಅಷ್ಟು ನಿಧಾನವಾಗಿ ಅದು ಬಿಚ್ಚಿಕೊಂಡದ್ದನ್ನು ನಾನು ಕಂಡಿಲ್ಲ. ಒಂದು ತಿರುವಿಗೆ ಜಾರಿದೆ, ಬಾಗಿಲ ಹಿಡಿ ಹಿಡಿದು ಮತ್ತೆ ಎದ್ದು ಒತ್ತಿದೆ. ಮೇಲೆ ಬಟ್ಟೆ ಪಟಪಟ ಬಡಿದುಕೊಂಡಿತು. ಆಮೇಲೆ ಗಾಳಿ ಹೊಕ್ಕಿತು. ಇಡೀ ಟ್ರೇಲರ್ ಒಂದು ಕಡೆ ಎತ್ತಿದ ಹಾಗಾಯಿತು. ಕೊಂದೆ, ಎಲ್ಲರನ್ನೂ ನಾನೇ ಕೊಂದೆ ಎಂದುಕೊಂಡೆ. ಕಬ್ಬಿಣದ ತೋಳು ಕರ್ರೆಂದು ಬಾಗಿ ಮುರಿಯಿತು, ಬಟ್ಟೆ ಸೀಳಿತು, ಟ್ರೇಲರ್ ಧೊಪ್ಪೆಂದು ಮತ್ತೆ ನೆಲಕ್ಕೆ ಕೂತಿತು.

ಮುಂದೆ ಮಾರೆನ್ ಕಿರುಚಿದಳಂತೆ: "ತಾತಾ, ನಿನ್ನ ಚಪ್ಪರ!" ವರ್ಲಿನ್ ಕನ್ನಡಿ ನೋಡಿದ್ದಾನೆ. ಹಸಿರು ಬಿಳಿ ಪಟ್ಟೆ ಹಾರಾಡುತ್ತಿತ್ತು, ಅದರ ಹಿಂದೆ ಹೊಗೆ ಕಂಡಿತು.

ಅವನು ಗಾಬರಿಯಲ್ಲಿ ಬ್ರೇಕ್ ಒತ್ತಿಹಿಡಿಯಲಿಲ್ಲ, ಅದಕ್ಕೆ ಅವನಿಗೆ ಶರಣು. ಮೆಲ್ಲಗೆ ಹಿಡಿದು ಬಿಟ್ಟು, ಹಿಡಿದು ಬಿಟ್ಟು, ಬೆಟ್ಟದ ಪಕ್ಕಕ್ಕೆ ಅಗಲವಾಗಿದ್ದ ಒಂದು ಜಾಗಕ್ಕೆ ತಂದು ನಿಲ್ಲಿಸಿದ. ನಿಂತ ಮೇಲೂ ನನ್ನ ಬೆರಳು ಗುಂಡಿಯ ಮೇಲೆಯೇ ಇತ್ತು. ಬಿಡಿಸಿಕೊಂಡು ಬಾಗಿಲು ತಳ್ಳಿದೆ. ಬಾಗಿಲು ತೆರೆಯಲಿಲ್ಲ. ಮುರಿದ ತೋಳು, ಹರಿದ ಬಟ್ಟೆ, ಸುರುಳಿಯ ಕೊಳವೆ ಎಲ್ಲ ಅದಕ್ಕೆ ಅಡ್ಡ ಬಿದ್ದು ಸಿಕ್ಕಿಕೊಂಡಿದ್ದವು. ತುರ್ತಿಗೆಂದು ಇರುವ ಕಿಟಕಿ ಹಿಂದುಗಡೆ. ಹೊಗೆ ಬರುತ್ತಿದ್ದದ್ದೂ ಹಿಂದುಗಡೆಯಿಂದ. ಓಡುವಾಗ ಹೊರಗೆ ಹೋಗುತ್ತಿದ್ದ ಹೊಗೆ ನಿಂತಕೂಡಲೇ ನೆಲದ ಸಂದಿಯಿಂದ ಒಳಗೆ ತುಂಬತೊಡಗಿತು. ಕೂಗೋಣವೆಂದರೆ ಕೆಮ್ಮು.

ಹೊರಗೆ ಮಾರೆನ್ ದನಿ ಕೇಳಿಸಿತು. "ಬೆಂಕಿ! ತಾತಾ, ಚಕ್ರದಲ್ಲಿ ಬೆಂಕಿ!"

"ದೂರ ಹೋಗು! ನಾಯೀನ ಕರ್ಕೊಂಡು ಆ ಬಂಡೆ ಹತ್ರ ಹೋಗು! ಅಜ್ಜೀನ ಎಬ್ಬಿಸು, ಮೊದ್ಲು ಅಜ್ಜೀನ ಇಳ್ಸು!"

ಗಾಡಿಯ ಬಾಗಿಲು ತೆರೆದ ಸದ್ದು. ಆಮೇಲೆ ಮಾರೆನ್, ಅಳುತ್ತಾ: "ತಾತಾ, ಅಜ್ಜಿ ಇಲ್ಲ! ಇದು ಗಸ್! ಕಂಬಳೀಲಿ ಬರೀ ಗಸ್ ಇದಾನೆ!"

 ಬೆಂಕಿಯ ಚಟಪಟ ಮಾತ್ರ ಕೇಳುತ್ತಿತ್ತು. ಅವನು ನನ್ನನ್ನು ಮೇಲೆಯೇ ಬಿಟ್ಟು ಬಂದೆನೆಂದು ತಿಳಿದು ಹಿಂದಕ್ಕೆ ಓಡಿಬಿಡುತ್ತಾನೇನೋ, ರಸ್ತೆ ನೋಡುತ್ತಾ ನಿಲ್ಲುತ್ತಾನೇನೋ ಎಂದು ನನಗೆ ಅದುವರೆಗೆ ಆಗದಷ್ಟು ಭಯವಾಯಿತು. ನೆಲದ ಮೇಲೆ ಬಾಣಲೆಗಾಗಿ ತಡಕಾಡಿದೆ.

ಅಷ್ಟರಲ್ಲಿ ಬಾಗಿಲ ಪಕ್ಕದ ಗೋಡೆಗೆ ಎರಡು ಬಡಿತ ಬಿತ್ತು. ಯಾವತ್ತಿನ ಹಾಗೆ ಗಟ್ಟಿಯಾಗಿ ಅಲ್ಲ. ಉತ್ತರ ಬರಬಾರದು ಎಂದು ಬೇಡಿಕೊಳ್ಳುವವನ ಬಡಿತ ಅದು.

ನಾನು ಬಡಿದೆ. ಎರಡಕ್ಕೆ ನಿಲ್ಲಿಸಲಿಲ್ಲ. ಬಾಣಲೆಯಿಂದ ಬಡಿದೆ, ಬಡಿದೆ, ಬಡಿಯುತ್ತಲೇ ಇದ್ದೆ.

"ಮಾರ್ಲಿಸ್!" ಎಂದ. ಬರೀ ಅಷ್ಟೇ ಅಂದ. ಆಮೇಲೆ ಬಟ್ಟೆ ಹರಿಯುವ ಸದ್ದು ಕೇಳಿಸಿತು. ಜೇಬಿನ ಚಾಕುವಿನಿಂದ ತನ್ನ ಚಪ್ಪರವನ್ನು ಉದ್ದಕ್ಕೂ ಅಡ್ಡಕ್ಕೂ ಸೀಳಿ ಹಾಕುತ್ತಿದ್ದ. ಮುರಿದ ತೋಳನ್ನು ಕಾಲಿಂದ ಒದ್ದು ಬಗ್ಗಿಸಿದ. ಬಾಗಿಲು ಅರ್ಧ ತೆರೆಯಿತು. ನಾನು ಬಾಗಿಲ ಪಕ್ಕದ ಬೆಂಕಿ ಆರಿಸುವ ಕೆಂಪು ಸಿಲಿಂಡರನ್ನು ಕಿತ್ತು ಅವನ ಎದೆಗೆ ತಳ್ಳಿ, ಅದರ ಹಿಂದೆಯೇ ಹೊರಗೆ ಬಿದ್ದೆ. ಅವನು ನನ್ನ ತೋಳನ್ನು ಹಿಡಿದುಕೊಂಡೇ ನಿಂತುಬಿಟ್ಟ.

"ನನ್ನನ್ನೇನು ನೋಡ್ತೀಯ? ಚಕ್ರ!" ಎಂದು ಕಿರುಚಿದೆ.

ಬಿಳಿ ಪುಡಿ ಹಾರಿ ಬೆಂಕಿ ಆರಿತು. ಚಕ್ರ ಓರೆಯಾಗಿ ನೇತಾಡುತ್ತಿತ್ತು, ಕೈಯಲ್ಲಿ ಎಳೆದರೆ ಬರುವಂತಿತ್ತು. ಮಾರೆನ್ ಓಡಿಬಂದು ನನ್ನ ಸೊಂಟ ಅವುಚಿಕೊಂಡಳು. ಅವಳ ತಲೆಗೆ ಮುಖ ಒತ್ತಿಕೊಂಡು ನಾನು ಅತ್ತೆ. ಗಸ್ ಬಾಲ ಅಲ್ಲಾಡಿಸುತ್ತಾ ಬಾಗಿಲಿಂದ ಹೊರಗೆ ಉರುಳಿ ಬಿದ್ದ ಬೀನ್ಸ್ ಡಬ್ಬ ಮೂಸಿದ.

ವರ್ಲಿನ್ ಖಾಲಿ ಸಿಲಿಂಡರ್ ಹಿಡಿದುಕೊಂಡು ರಸ್ತೆಯ ಅಂಚಿನಲ್ಲಿ ಕುಸಿದು ಕುಳಿತ.  ಅವನು ಅಳುವುದನ್ನು ನಾನು ಅವನ ತಾಯಿ ತೀರಿಕೊಂಡಾಗ ಕಂಡಿದ್ದೆ, ಆಮೇಲೆ ಅವತ್ತೇ. ಪಕ್ಕದಲ್ಲಿ ಕುಳಿತೆ.

"ನಾನು ಬಡಿದೆ ಮಾರ್ಲಿಸ್. ಮೇಲೆ, ಹೊರಡೋ ಮುಂಚೆ. ದೇವರಾಣೆ ಬಡಿದೆ."

"ಗೊತ್ತು. ಕೇಳಿಸ್ತು."

ಅವನು ತಿರುಗಿ ನೋಡಿದ. "ಕೇಳಿಸ್ತಾ?"

"ಹೂಂ."

ಬೈಯುತ್ತಾನೆ ಎಂದು ಕಾದೆ. ಬೈದಿದ್ದರೆ ಹಗುರವಾಗುತ್ತಿತ್ತು. ಅವನು ಚಕ್ರದ ಕಡೆ ತಿರುಗಿದ.

"ಬಂಕಲ್ಲಿ ಮುಟ್ಟಿದೆನಲ್ಲ," ಎಂದ. "ಸುಡ್ತಿತ್ತು. ನನ್ನ ಕೈಗೂ ತಿಳೀತು."

"ಮತ್ತೆ ಯಾಕಯ್ಯಾ?"

"ನೀನು ಮೊದ್ಲೇ ಹೇಳಿಬಿಟ್ಟಿದ್ದೆಯಲ್ಲ, ಅದಕ್ಕೆ."

 ಅವನ ಕೈ ಹಿಡಿದು ತಿರುಗಿಸಿ ನೋಡಿದೆ. ಕೈಯ ಹಿಂಬದಿಯಲ್ಲಿ ಬೆಳಗ್ಗೆಯ ಸುಟ್ಟ ಗುರುತು ಕೆಂಪಗೆ ಬೊಬ್ಬೆ ಎದ್ದಿತ್ತು. ಅಷ್ಟು ದೂರ ಅದೇ ಕೈಯಲ್ಲಿ ಸ್ಟಿಯರಿಂಗ್ ಹಿಡಿದುಕೊಂಡು ಬಂದಿದ್ದ ಮೊಂಡ.

ದಾರಿಹೋಕರೊಬ್ಬರು ನಿಂತು ಕೆಳಗಿನ ಊರಿಗೆ ಸುದ್ದಿ ಮುಟ್ಟಿಸಿದರು. ಅಲ್ಲಿಂದ ಮೆಕ್ಯಾನಿಕ್ ಹೆಂಗಸೊಬ್ಬಳು ಹೊಸ ಬೇರಿಂಗ್, ಹೊಸ ಚಕ್ರ ತಂದು ಕೂಡಿಸಿದಳು. ನಟ್ಟನ್ನು ಮಿತಿಮೀರಿ ಬಿಗಿ ಮಾಡಿದ್ದಾರೆ, ಅದಕ್ಕೇ ಕಾದಿದೆ ಎಂದಳು. ನಾನು ಬಾಯಿ ತೆರೆಯಲಿಲ್ಲ. ಚಪ್ಪರದ ಚಿಂದಿಗಳನ್ನು ಮಾರೆನ್ ಮಡಚಿ ಟ್ರೇಲರಿನೊಳಗೆ ಇಟ್ಟಳು.

ಹೊರಡುವಾಗ ಬಿಸಿಲು ಇಳಿಮುಖವಾಗಿತ್ತು. ನಾನು ಮುಂದಿನ ಸೀಟಿಗೆ ಬಂದೆ. ಮಾರೆನ್ ಹಿಂದೆ, ಅವಳ ತೊಡೆಯ ಮೇಲೆ ಗಸ್‌ನ ತಲೆ. ಮೂವರೂ ಗಾಡಿಯಲ್ಲಿದ್ದೇವೆ, ಮೂವರೂ ವರ್ಲಿನ್‌ಗೆ ಕಾಣುತ್ತಿದ್ದೇವೆ. ಅವನು ನಾಲ್ಕೂ ಚಕ್ರ ಮುಟ್ಟಿಕೊಂಡು ಬಂದ. ಆಮೇಲೆ ಟ್ರೇಲರಿನ ಪಕ್ಕ ನಿಂತು ಅಂಗೈಯಿಂದ ಗೋಡೆಗೆ ಎರಡು ಸಲ ಬಡಿದ. ಬಡಿದು ಅಲ್ಲೇ ನಿಂತ. ಗೋಡೆಗೆ ಕಿವಿ ಕೊಟ್ಟುಕೊಂಡು ನಿಂತೇ ಇದ್ದ.

"ತಾತ ಯಾಕೆ ಬರ್ತಿಲ್ಲ?" ಎಂದಳು ಮಾರೆನ್. "ಒಳಗೆ ಯಾರೂ ಇಲ್ವಲ್ಲ."

ನಾನು ಕಿಟಕಿಯ ಗಾಜು ಇಳಿಸಿ, ಕೈ ಹೊರಗೆ ಹಾಕಿ, ಗಾಡಿಯ ಬಾಗಿಲಿಗೆ ಎರಡು ಸಲ ಬಡಿದೆ. ಆಮೇಲೆ ಅವನು ಬಂದು ಹತ್ತಿದ.